ಪಿಳ್ಳಮ್ಮತ್ತೆಗೆ ಮನೆ ನೋಡಲು ಹೋದದ್ದು

ಉಪ್ಪಿಟ್ಟು ಚೆನ್ನಾಗಿತ್ತು. ಅದನ್ನು ಮೊದಲೇ ಹೇಳಿಬಿಡುತ್ತೇನೆ. ಸೊಗಡಿನ ಅವರೆಕಾಳು ಹಾಕಿದ್ದರು, ಮೇಲೆ ಕಾಯಿತುರಿ, ಪಕ್ಕದಲ್ಲಿ ತುಪ್ಪ ಬಿಡುವ ಕೇಸರಿಬಾತು. ಅತ್ತೆಯನ್ನು ಬಿಡಬೇಕೆಂದಿದ್ದ ವೃದ್ಧರ ಮನೆಯ ಜಗಲಿಯಲ್ಲಿ ಕೂತು ನಾವು ಅದನ್ನು ತಿಂದೆವು. ಎರಡನೇ ಸಲ ಹಾಕಿಸಿಕೊಂಡೂ ತಿಂದೆವು. ಈಗ ನನಗೆ ಉಪ್ಪಿಟ್ಟು ಗಂಟಲಲ್ಲಿ ಇಳಿಯುವುದಿಲ್ಲ. ಕೀಮೋ ಆದಮೇಲೆ ನಾಲಗೆ ಕೆಟ್ಟಿತು ಅಂತ ಕೇಳಿದವರಿಗೆ ಹೇಳುತ್ತೇನೆ. ಕೀಮೋ ಮುಗಿದು ಎರಡು ವರ್ಷವಾಯಿತು.

ನಿಮ್ಮ ಕಾಯಿಲೆಯ ಕತೆ ಬರೆಯಿರಿ, ಓದಿದವರಿಗೆ ಧೈರ್ಯ ಬರುತ್ತದೆ ಎಂದು ಆಸ್ಪತ್ರೆಯಲ್ಲಿ ಒಬ್ಬ ನರ್ಸು ಹೇಳಿದ್ದರು. ಧೈರ್ಯದ ವಿಷಯ ನನಗೆ ಗೊತ್ತಿಲ್ಲ. ನನ್ನ ಹಾಗೆ ಇನ್ನೊಬ್ಬರು ಉಪ್ಪಿಟ್ಟು ತಿಂದು, ಕೈ ತೊಳೆದು, ನಮಸ್ಕಾರ ಹೇಳಿ ಎದ್ದು ಬರದಿದ್ದರೆ ಸಾಕು.

ನಾನು ಶಿಡ್ಲಘಟ್ಟದಲ್ಲಿ ಮೂವತ್ತು ವರ್ಷದಿಂದ ರವಿಕೆ ಹೊಲಿಯುವವಳು. ಪಿಳ್ಳಮ್ಮತ್ತೆ ನಮ್ಮಪ್ಪನ ಅಕ್ಕ. ಮದುವೆಯಾದ ಮೂರೇ ವರ್ಷಕ್ಕೆ ಗಂಡನನ್ನು ಕಳೆದುಕೊಂಡು ಜಂಗಮಕೋಟೆಗೆ ವಾಪಸು ಬಂದವಳು. ನಮ್ಮಮ್ಮ ತೀರಿಕೊಂಡಾಗ ನನಗೆ ನಾಲ್ಕು ವರ್ಷ, ತಮ್ಮ ಮುನಿರಾಜುಗೆ ಒಂದೂವರೆ. ಆಮೇಲೆ ನಮ್ಮನ್ನು ಸಾಕಿದ್ದು ಅವಳೇ, ಬೈದದ್ದು ಅವಳೇ. ನಾನು ಆಡುವ ಮಾತೆಲ್ಲ ಅವಳ ಬಾಯಿಂದ ಬಂದದ್ದು. ಒಂದು ಗಾದೆ ಬಿಟ್ಟು ಒಂದು ಬೈಗುಳ, ಒಂದು ಬೈಗುಳ ಬಿಟ್ಟು ಒಂದು ಗಾದೆ, ಹಾಗೆ ಕಲಿತ ಕನ್ನಡ ನನ್ನದು.

ಅವಳು ರೇಷ್ಮೆ ಹುಳು ಸಾಕುವುದರಲ್ಲಿ ಎತ್ತಿದ ಕೈ. ಗೂಡಿನ ಮಾರುಕಟ್ಟೆಗೆ ಹೆಂಗಸರು ಹೋಗದ ಕಾಲದಲ್ಲೇ ಮೂಟೆಯ ಜೊತೆ ಬಸ್ಸು ಹತ್ತಿ ಶಿಡ್ಲಘಟ್ಟಕ್ಕೆ ಬರುತ್ತಿದ್ದಳು, ಸೆರಗು ಹಿಡಿದುಕೊಂಡು ನಾನು. ಗೂಡನ್ನು ಟ್ರೇಗೆ ಸುರಿಯುವಾಗ ಬೆಳೆದವರು ಒಂದು ಉಪಾಯ ಮಾಡುತ್ತಾರೆ. ಕಲೆ ಬಿದ್ದದ್ದು, ಮೆತ್ತಗಿರುವುದು ತಳಕ್ಕೆ. ಬೆಳ್ಳಗೆ ಗಟ್ಟಿಯಾದದ್ದು ಮೇಲಕ್ಕೆ. ಗೂಡು ಕೊಂಡು ನೂಲು ಬಿಚ್ಚುವ ರೀಲರುಗಳಿಗೂ ಅದು ಗೊತ್ತು. ಬಂದವರೇ ಮೊಣಕೈವರೆಗೂ ಕೈ ತೂರಿಸಿ, ತಳದಿಂದ ಒಂದು ಹಿಡಿ ಎತ್ತಿ, ಕಿವಿಯ ಹತ್ತಿರ ಅಲ್ಲಾಡಿಸಿ ನೋಡುತ್ತಾರೆ.

"ಮೇಲಿನ ಗೂಡು ಎಲ್ಲರ್ಗೂ ನಗ್ತದೆ ಕಣೇ ಪದ್ದಿ" ಅನ್ನುತ್ತಿದ್ದಳು ಅತ್ತೆ. "ಕೈ ತಳಕ್ಕೋಗ್ಬೇಕು. ಹಾಕಿದೋಳು ನಾನೇ ಹೇಳ್ತಾ ಇಲ್ವಾ?"

ನನ್ನ ಕಾಯಿಲೆ ಶುರುವಾಗುವ ಮೂರು ವರ್ಷ ಮುಂಚೆ ಅವಳಿಗೆ ಮರೆವು ಬಂತು. ಮೊದಲು ಸೌಟು ಎಲ್ಲಿಟ್ಟೆ ಅನ್ನುವುದು, ಆಮೇಲೆ ಊಟ ಮಾಡಿದೆನೋ ಇಲ್ಲವೋ ಅನ್ನುವುದು, ಆಮೇಲೆ ನಾನು ಯಾರು ಅನ್ನುವುದು. ನಮ್ಮ ಮನೆಗೇ ಕರೆದುಕೊಂಡು ಬಂದಿದ್ದೆ. ಹಗಲೆಲ್ಲ ಮಿಷನ್ನಿನ ಪಕ್ಕ ಸುಮ್ಮನೆ ಕೂರುವವಳು. ದೀಪ ಹಚ್ಚುವ ಹೊತ್ತಾದರೆ ಎದ್ದುಬಿಡುತ್ತಿದ್ದಳು. "ಹುಳಕ್ಕೆ ಸೊಪ್ಪು ಹಾಕ್ಬೇಕು." ಕರಿಬೇವೋ, ದಾಸವಾಳವೋ, ಪಕ್ಕದ ಮನೆಯ ಬೇಲಿಯೋ, ಕೈಗೆ ಸಿಕ್ಕ ಎಲೆ ತರಿದು ತಂದು ಹಾಸಿಗೆಗಳ ಮೇಲೆ ಹರಡುತ್ತಿದ್ದಳು. ನಮ್ಮನೆಯವರು, ನಾರಾಯಣಸ್ವಾಮಿ, ಸಂಜೆ ಒಂದು ಗಳಿಗೆ ಅಡ್ಡಾದರೆ ಅವರ ಹೊಟ್ಟೆಯ ಮೇಲೂ ಎಲೆ.

"ನೋಡೇ ಪದ್ಮ, ನಿಮ್ಮತ್ತೆ ನನ್ನೂ ಹುಳ ಮಾಡವ್ಳೆ" ಅಂತ ಅವರು ನಗುತ್ತಿದ್ದರು. ಒಂದು ದಿನವೂ ಬೇಸರ ಮಾಡಿಕೊಂಡವರಲ್ಲ.

ಗಂಟು ಸಿಕ್ಕಿದ್ದು ಸ್ನಾನ ಮಾಡುವಾಗ, ಎಡಗಡೆ ಎದೆಯಲ್ಲಿ. ಕಾರ್ತಿಕದ ಮದುವೆಗಳು, ರವಿಕೆ ರಾಶಿ ಬಿದ್ದಿತ್ತು. ಮುಗಿಸಿಕೊಂಡು ನೋಡೋಣ ಅಂತ ಎರಡು ತಿಂಗಳು ಯಾರಿಗೂ ಹೇಳಲಿಲ್ಲ. ನೀವು ಹಾಗೆ ಮಾಡಬೇಡಿ. ಬುದ್ಧಿ ಹೇಳುವ ಯೋಗ್ಯತೆ ನನಗೆ ಇರುವುದು ಇದೊಂದರಲ್ಲೇ. ಚಿಕ್ಕಬಳ್ಳಾಪುರದ ಡಾಕ್ಟರು ಮುಟ್ಟಿ ನೋಡಿ ಚೀಟಿ ಬರೆದು ಬೆಂಗಳೂರಿಗೆ ಕಳಿಸಿದರು. ಅಲ್ಲಿ ಸೂಜಿ ಚುಚ್ಚಿ ಪರೀಕ್ಷೆ, ಹತ್ತು ದಿನ ಕಾಯುವುದು. ಹತ್ತನೇ ದಿನ ಟೋಕನ್ ಹಿಡಿದು ಬೆಳಗಿನಿಂದ ಕೂತೆವು. ನಮ್ಮನೆಯವರು ಎದುರು ಗೋಡೆಯ ಮೇಲೆ ಅಂಟಿಸಿದ್ದ 'ಚಪ್ಪಲಿ ಹೊರಗೆ ಬಿಡಿ' ಅನ್ನುವ ಕಾಗದವನ್ನು ಎಷ್ಟು ಸಲ ಓದಿದರೋ. ಒಳಗೆ ಕರೆದಾಗ ಡಾಕ್ಟರು ನನ್ನ ಕಡೆ ನೋಡದೆ ಅವರನ್ನೇ ಕೇಳಿದರು: "ಇವ್ರಿಗೆ ಹೇಳಿದ್ದೀರಾ?" ಹೇಳುವುದಕ್ಕೆ ಇನ್ನೇನೂ ಉಳಿಯಲಿಲ್ಲ. ಆಚೆ ಬಂದು ಅವರು, "ಕಬ್ಬಿನ ಹಾಲು ಕುಡೀತೀಯ?" ಅಂದರು. ಕುಡಿದೆ. ಅವರು ತಮ್ಮ ಲೋಟ ಕೈಯಲ್ಲೇ ಹಿಡಿದುಕೊಂಡು ನಿಂತಿದ್ದರು.

ಮೊದಲು ಕೀಮೋ, ಆಮೇಲೆ ಆಪರೇಷನ್ನು, ಆಮೇಲೆ ರೇಡಿಯೇಷನ್ನು, ನಮ್ಮ ಕಡೆಯ ಮಾತಲ್ಲಿ ಕರೆಂಟು ಕೊಡುವುದು, ಅಂದರು. ನನಗೆ ಆ ಕ್ಷಣಕ್ಕೆ ಬಂದ ಯೋಚನೆ ಒಂದೇ. ಸಂಜೆ ಅತ್ತೆಯ ಹಿಂದೆ ಓಡುವವರು ಯಾರು?

ಮನೆಯವರೆಲ್ಲ ಸೇರಿದೆವು. ಮಗಳು ಹಿಂದೂಪುರದಲ್ಲಿ ಹಸಿ ಬಾಣಂತಿ, ಅವಳನ್ನು ಕೇಳುವ ಹಾಗಿಲ್ಲ. ಜಂಗಮಕೋಟೆಯಲ್ಲಿ ಈಗಲೂ ಹುಳು ಸಾಕುವ ತಮ್ಮ ಮುನಿರಾಜು ತಲೆ ತಗ್ಗಿಸಿ ಕೂತ. ಅವನ ಹೆಂಡತಿ ಸರೋಜ ಮಾತಾಡಿದಳು. ಅತ್ತೆಯನ್ನು ಅವಳು ಕರೆಯುವುದು ದೊಡ್ಡಮ್ಮ ಅಂತ.

"ಅಕ್ಕ, ನೀನೇ ಹುಳದ ಮನೇಲಿ ಬೆಳ್ದೋಳು. ಕೈ ತೊಳೀದೆ ಒಳಗೋದ್ರೆ ಏನಾಗ್ತದೆ ಗೊತ್ತಲ್ಲ? ಹೋದ ಸಲ ಬಂದಾಗ ದೊಡ್ಡಮ್ಮ ಬೇವಿನ ಸೊಪ್ಪು ತಂದು ಹುಳದ ಮೇಲೆ ಹಾಕ್ಬುಟ್ರು. ಬೆಳೇನೆ ಹೋಯ್ತು. ನಾನೇನ್ಮಾಡ್ಲಿ?"

ಅವಳು ಹೇಳಿದ್ದು ಸುಳ್ಳಲ್ಲ. ನಿಜ ಹೇಳುವವರ ಮೇಲೆ ಬರುವಷ್ಟು ಸಿಟ್ಟು ಸುಳ್ಳು ಹೇಳುವವರ ಮೇಲೂ ಬರುವುದಿಲ್ಲ.

ಗೌರಿಬಿದನೂರಿನ ಆಚೆ ಒಂದು ಕಡೆ ವಯಸ್ಸಾದವರನ್ನು ನೋಡಿಕೊಳ್ಳುತ್ತಾರೆ ಎಂದು ಮುನಿರಾಜುಗೆ ಯಾರೋ ಹೇಳಿದ್ದರು. ಆ ಜಾಗದ ಹೆಸರು ಬರೆಯುವುದಿಲ್ಲ. ಸಂಕ್ರಾಂತಿ ಕಳೆದ ಮೇಲೆ ನೋಡಿ ಬರೋಣ ಅಂತಾಯಿತು.

ನಮ್ಮ ಜನಕ್ಕೆ ನೋಡಿ ಬರುವುದು ಅಂದರೆ ಹೆಣ್ಣು ನೋಡಿ ಬರುವುದೊಂದೇ ಗೊತ್ತು. ಹಾಗೇ ಹೊರಟೆವು. ಎರಡು ದಿನ ಮುಂಚೆ ಫೋನು ಮಾಡಿ ಬರ್ತೀವಿ ಅಂದೆವು. ಭಾನುವಾರ ಆರಿಸಿಕೊಂಡೆವು, ರಾಹುಕಾಲ ತಪ್ಪಿಸಿ ಬೆಳಗ್ಗೆ ಹೊರಟೆವು. ಬಾಡಿಗೆ ಕಾರಿನಲ್ಲಿ ನಾವಿಬ್ಬರು, ಮುನಿರಾಜು, ಸರೋಜ, ನಡುವೆ ಹೊಸ ಸೀರೆ ಉಟ್ಟ ಅತ್ತೆ. ಬರಿಗೈಲಿ ಹೋಗಬಾರದೆಂದು ಒಂದು ಗೊನೆ ಬಾಳೆಹಣ್ಣು.

ಏನೇನು ನೋಡಿದೆವು? ಬಾಗಿಲಲ್ಲಿ ರಂಗೋಲಿ ನೋಡಿದೆವು. ತುಳಸಿಕಟ್ಟೆ, ಹಿತ್ತಿಲಲ್ಲಿ ಹಸು, ಅಡಿಗೆಯವರು ಯಾವ ಕಡೆಯವರು, ಮುದ್ದೆ ಮಾಡುತ್ತಾರೋ ಬರೀ ಅನ್ನವೋ, ಎಲ್ಲ ವಿಚಾರಿಸಿದೆವು. ಸರೋಜ ಬಚ್ಚಲಿಗೆ ಹೋಗಿ ನಲ್ಲಿ ತಿರುಗಿಸಿ ಬಿಸಿನೀರು ಬರುವುದನ್ನು ನೋಡಿ ಬಂದಳು. ಮುನಿರಾಜು ಹಸುವಿನ ಹಲ್ಲು ನೋಡಿದ. ಸಂಜೆ ಎಷ್ಟು ಜನ ನೋಡಿಕೊಳ್ಳಲು ಇರುತ್ತಾರೆ ಎಂದು ಯಾರೂ ಕೇಳಲಿಲ್ಲ. ಆಮೇಲೆ ಉಪ್ಪಿಟ್ಟು ಬಂತು. ಒಂದು ಮನೆಯ ಉಪ್ಪು ತಿಂದ ಮೇಲೆ ಆ ಮನೆಯವರನ್ನು ಅಡ್ಡ ಪ್ರಶ್ನೆ ಕೇಳಲು ನಮಗೆ ನಾಲಗೆ ಹೊರಳುವುದಿಲ್ಲ. ಬೀಗರ ಮನೆಯಲ್ಲಿ ಕೂತ ಹಾಗೆ ಮೆಲ್ಲಗೆ ನಗುತ್ತಾ ಕೂತೆವು.

ಅಲ್ಲಿನ ಮೇಲ್ವಿಚಾರಕಿ ನಗುಮುಖದ ಹೆಂಗಸು. ಮಲಗುವ ಕೋಣೆ ತೋರಿಸಿದರು. ಸಾಲಾಗಿ ಕಬ್ಬಿಣದ ಮಂಚಗಳು, ಬಿಳೀ ಹೊದಿಕೆ. ಮೂಲೆಯಲ್ಲಿ ಗೂಡಿನ ಮಾರುಕಟ್ಟೆಯಲ್ಲಿ ಇರುವಂಥದ್ದೇ ಒಂದು ದೊಡ್ಡ ಪ್ಲಾಸ್ಟಿಕ್ ಟ್ರೇ, ಅದರ ತುಂಬ ಮಡಿಸಿಟ್ಟ ಬಟ್ಟೆ. ಅತ್ತೆಗೆ ಅದು ಕಂಡದ್ದೇ ತಡ, ಹೋಗಿ ನಿಂತಳು. ಸೆರಗು ಸೊಂಟಕ್ಕೆ ಸಿಕ್ಕಿಸಿಕೊಂಡು, ಮೊಣಕೈವರೆಗೂ ಕೈ ತೂರಿಸಿ, ತಳದಿಂದ ಒಂದು ಹಿಡಿ ಎತ್ತಿದಳು.

ಕೈಯಲ್ಲಿ ಬಂದದ್ದು ಪಟ್ಟಿಗಳು. ಹಳೇ ಸೀರೆ ಕತ್ತರಿಸಿ ಮಾಡಿದ, ಮೂರು ಬೆರಳಗಲದ, ಒಂದೊಂದು ಮಾರುದ್ದದ ಪಟ್ಟಿಗಳು. ಅತ್ತೆ ಅವನ್ನು ಕಿವಿಯ ಹತ್ತಿರ ಹಿಡಿದು ಅಲ್ಲಾಡಿಸಿದಳು. "ತಳದ್ದು ಸರಿ ಇಲ್ಲ ಕಣಪ್ಪ. ಈ ಲಾಟು ಬ್ಯಾಡ" ಅಂದಳು.

ಎಲ್ಲರೂ ನಕ್ಕೆವು. ಮೇಲ್ವಿಚಾರಕಿಯೂ ನಕ್ಕರು. "ಪರ್ದೆ ಕಟ್ಟೋ ಪಟ್ಟಿ ಅಜ್ಜಿ ಅದು" ಅಂತ ಮೆತ್ತಗೆ ಕಿತ್ತುಕೊಂಡು ಟ್ರೇಗೆ ಹಾಕಿದರು.

ನಾನು ಹೊಲಿಯುವವಳು. ಬಟ್ಟೆ ಕಂಡರೆ ಕಣ್ಣು ಮೊದಲು ಹೊಲಿಗೆಗೆ ಹೋಗುತ್ತದೆ. ಆ ಪಟ್ಟಿಗಳಿಗೆ ಎರಡೂ ಅಂಚಿಗೆ ಎರಡೆರಡು ಹೊಲಿಗೆ ಹಾಕಿತ್ತು, ಎಷ್ಟು ಜಗ್ಗಿದರೂ ಕಿತ್ತುಬಾರದ ಹಾಗೆ. ಪರದೆ ಕಟ್ಟುವ ಪಟ್ಟಿಗೆ ಯಾರೂ ಎರಡು ಹೊಲಿಗೆ ಹಾಕುವುದಿಲ್ಲ. ಅಲ್ಲದೆ ಆ ಕೋಣೆಯ ಕಿಟಕಿಗಳಿಗೆ ಪರದೆಯೇ ಇರಲಿಲ್ಲ. ನೋಡಿದೆ. ನೋಡಿಯೂ ಏನು ಮಾಡಿದೆ? "ತಪ್ಪು ತಿಳ್ಕೋಬೇಡಿ ಮೇಡಂ, ಅವ್ರಿಗೆ ಏನೂ ತಿಳಿಯಲ್ಲ" ಅಂದೆ. ಅತ್ತೆಯ ಪರವಾಗಿ ಕ್ಷಮೆ ಕೇಳಿದೆ.

ಹೊರಡುವಾಗ ಜಗಲಿಯ ಮೇಲೆ ಕೂತಿದ್ದ ಒಬ್ಬ ತೆಲುಗಿನ ಅಜ್ಜಿ ನನ್ನ ಸೆರಗು ಹಿಡಿದುಕೊಂಡರು. "ಸಾಯಂತ್ರಂ ರಾಮ್ಮಾ" ಅಂದರು. ಸಾಯಂಕಾಲ ಬಾರಮ್ಮ ಅಂತ. ಪಾಪ, ಒಂಟಿ ಜೀವ, ಮಾತಿಗೆ ಜನ ಬೇಕು ಅಂದುಕೊಂಡೆ. ಬರ್ತೀನಿ ಅಜ್ಜಿ ಅಂತ ಸೆರಗು ಬಿಡಿಸಿಕೊಂಡೆ.

ಮುಂದಿನ ವಾರ ಅತ್ತೆಯನ್ನು ಬಿಟ್ಟು ಬಂದೆವು. ಅವಳು ಅಳಲಿಲ್ಲ. "ಬೇಗ ಬಂದ್ಬುಡಿ, ಹುಳ ನಾಲ್ಕನೇ ಜ್ವರಕ್ಕೆ ಬಂದವೆ" ಅಂದಳಷ್ಟೆ. ಹುಳು ಪೊರೆ ಬಿಡುವ ಮುಂಚೆ ತಿನ್ನುವುದು ನಿಲ್ಲಿಸಿ ಮಂಕಾಗಿ ಕೂರುವುದಕ್ಕೆ ನಮ್ಮಲ್ಲಿ ಜ್ವರ ಅನ್ನುತ್ತಾರೆ. ನಾಲ್ಕು ಜ್ವರ ದಾಟಿದ ಹುಳು ಗೂಡು ಕಟ್ಟುತ್ತದೆ.

ಎರಡು ದಿನಕ್ಕೆ ನನಗೆ ಮೊದಲನೇ ಕೀಮೋ. ಅದರ ವಿವರ ಬೇಡ. ಬಾಯೆಲ್ಲ ಕಹಿ, ನೀರೂ ಕಹಿ. ತಲೆ ಬಾಚಿದರೆ ಬಾಚಣಿಗೆಯ ತುಂಬ ಕೂದಲು. ಜನರ ನಡುವೆ ಹೋಗಬೇಡಿ, ಸೋಂಕು ತಗಲುತ್ತದೆ ಅಂದರು. ಹಾಗಾಗಿ ನಾನು ಅತ್ತೆಯನ್ನು ನೋಡಲು ಹೋಗಲಿಲ್ಲ. ನಮ್ಮನೆಯವರು ಎರಡು ವಾರಕ್ಕೊಮ್ಮೆ ಭಾನುವಾರ ಹನ್ನೊಂದು ಗಂಟೆಗೆ ಹೋಗಿ ಬರುತ್ತಿದ್ದರು, ಫೋನು ಮಾಡಿಕೊಂಡು.

"ಹೆಂಗವ್ಳೆ?"

"ಚೆನ್ನಾಗವ್ಳೆ ಕಣೇ. ತಲೆ ಬಾಚಿ, ಪೌಡ್ರು ಹಾಕಿ ಕೂರಿಸಿದ್ರು. ಉದ್ದ ತೋಳಿನ ಸ್ವೆಟರ್ ಹಾಕವ್ರೆ. ನಾವೇ ಅಷ್ಟು ನೋಡ್ಕೊತಿರ್ಲಿಲ್ಲ ಬಿಡು."

ಯುಗಾದಿ ಹತ್ತಿರ ಬಂದಿತ್ತು. ಗೌರಿಬಿದನೂರಿನ ಆ ಬಿಸಿಲಲ್ಲಿ ಸ್ವೆಟರ್ ಯಾಕೆ ಎಂದು ಅವರಿಗೂ ಹೊಳೆಯಲಿಲ್ಲ, ನನಗೂ ಹೊಳೆಯಲಿಲ್ಲ. ನನಗೆ ಸಮಾಧಾನ ಬೇಕಾಗಿತ್ತು, ಅವರು ತಂದುಕೊಟ್ಟರು.

ಆಸ್ಪತ್ರೆಯ ಬೆಂಚಿನ ಮೇಲೆ ನನಗೆ ನಸೀಮಾ ಸಿಕ್ಕಿದಳು. ಅವಳೂ ಶಿಡ್ಲಘಟ್ಟದವಳೇ. ನನ್ನದೇ ಕಾಯಿಲೆ, ನನಗಿಂತ ಎರಡು ಕೀಮೋ ಮುಂದೆ. ಬಾಯಿ ಕಹಿಗೆ ಇದೇ ಮದ್ದು ಅಂತ ಹುಣಸೆಹಣ್ಣಿನ ಚಿಗಳಿ ಕಡ್ಡಿಗೆ ಸಿಕ್ಕಿಸಿ ತರುತ್ತಿದ್ದಳು. ಇಬ್ಬರು ಬೋಳು ತಲೆಯವರು ಚಿಗಳಿ ಚೀಪುತ್ತಾ ಕೂರುತ್ತಿದ್ದೆವು. ಆ ದಿನಗಳಲ್ಲಿ ರುಚಿ ಅಂತ ನನಗೆ ಸಿಕ್ಕಿದ್ದು ಅದೊಂದೇ. ನಾಲ್ಕನೇ ಕೀಮೋ ದಿನ ಅತ್ತೆಯ ಮಾತು ಬಂತು.

"ಜಂಗಮಕೋಟೆ ಪಿಳ್ಳಮ್ಮಾನಾ?" ಅಂದಳು ನಸೀಮಾ. "ನಮ್ಮ ಅಬ್ಬಾ ರೀಲರು ಆಪಾ, ಅವ್ರ ಹತ್ರನೇ ಗೂಡು ತಗೋತಿದ್ರು. ಅಬ್ಬಾ ಕೈ ಹಾಕೋಕ್ ಮುಂಚೆ ಪಿಳ್ಳಮ್ಮನೇ, 'ಸಾಬ್ರೇ, ತಳಕ್ಕೆ ಹಾಕಿ ನೋಡ್ಕೊಳ್ಳಿ, ಆಮೇಲೆ ನನ್ನ ಬೈಬೇಡಿ' ಅನ್ನೋರಂತೆ! ಈಗೆಲ್ಲಿದ್ದಾರೆ?"

ಹೇಳಿದೆ. ಎಷ್ಟು ಚೆನ್ನಾಗಿ ನೋಡಿಕೊಳ್ಳುತ್ತಾರೆ ಎಂದೂ ಹೇಳಿದೆ, ಸ್ವೆಟರಿನ ವಿಷಯವನ್ನೂ ಹೇಳಿದೆ. ನಸೀಮಾ ಚಿಗಳಿ ಬಾಯಿಂದ ತೆಗೆದಳು.

"ಈ ಬಿಸ್ಲಲ್ಲಿ ಸ್ವೆಟರಾ?" ನನ್ನ ಕಡೆ ತಿರುಗಿ ಕೂತಳು. "ಆಪಾ, ಹೇಳ್ದೇ ಹೋಗಿ ನೋಡಿ. ಗೂಡು ನೋಡೋರು ಫೋನ್ ಮಾಡಿ ಬರ್ತಾರಾ?"

ಆ ತೆಲುಗಿನ ಅಜ್ಜಿ ಹೇಳಿದ್ದು ಆಗ ನೆನಪಾಯಿತು. ಆವತ್ತಿನ ಕೀಮೋ ಮುಗಿದಿತ್ತು, ಮೈಯಲ್ಲಿ ಔಷಧಿಯ ಕಾವು ಇನ್ನೂ ಇತ್ತು. ಕಾರಿಗೆ ಕೂತವಳೇ, ಊರಿಗೆ ಬೇಡ, ಗೌರಿಬಿದನೂರಿಗೆ ಹೊಡೆಸಿ ಅಂದೆ. "ಹುಚ್ಚಾ ನಿಂಗೆ? ಡಾಕ್ಟ್ರು ಏನಂದ್ರು?" ಅಂತ ನಮ್ಮನೆಯವರು ಬೈದರು. ನನ್ನ ಮುಖ ನೋಡಿ ಡ್ರೈವರಿಗೆ ದಾರಿ ಹೇಳಿದರು.

ತಲುಪಿದಾಗ ಹೊತ್ತು ಇನ್ನೂ ಮುಳುಗಿರಲಿಲ್ಲ. ಜಗಲಿ ಖಾಲಿ. ಒಳಗೆ ಟೀವಿ ಜೋರಾಗಿ ಹಾಡುತ್ತಿತ್ತು, ನೋಡುವವರು ಯಾರೂ ಇಲ್ಲ. ಊಟ ಮುಗಿಸಿ ಎಲ್ಲರನ್ನೂ ಮಲಗಿಸಿಬಿಟ್ಟಿದ್ದರು. ಸಾಲು ಮಂಚಗಳಲ್ಲಿ ಮೂರನೆಯದು ಅತ್ತೆಯದು. ಎರಡು ಕೈ ಎರಡು ಕಡೆಯ ಕಬ್ಬಿಣಕ್ಕೆ. ಪಟ್ಟಿ ಅದೇ, ಹೊಲಿಗೆ ಅದೇ. ನಾನು ಗಂಟು ಬಿಚ್ಚಲು ಹೋದರೆ ನನ್ನ ಬೆರಳಿಗೆ ಶಕ್ತಿ ಇಲ್ಲ, ಕೀಮೋದಿಂದ ತುದಿಯೆಲ್ಲ ಜೋಮು. ನಮ್ಮನೆಯವರು ಹಲ್ಲಿನಿಂದ ಕಚ್ಚಿ ಬಿಚ್ಚಿದರು. ಸ್ವೆಟರಿನ ತೋಳು ಮೇಲೆ ಸರಿಸಿದೆ. ಮಣಿಕಟ್ಟಿನ ಸುತ್ತ ಕಪ್ಪಗೆ, ಒಂದು ಕಡೆ ಕೀವು.

ಅತ್ತೆ ನನ್ನ ಬೋಳು ತಲೆ ನೋಡಿದಳು. "ಯಾರಮ್ಮ ನೀನು? ಹುಳಕ್ಕೆ ಹೊತ್ತಾಯ್ತು, ನನ್ನ ಬಿಡಮ್ಮ."

ಮೇಲ್ವಿಚಾರಕಿ ಓಡಿ ಬಂದರು. ನಾನು ಕೂಗಾಡಿದೆ, ಕೂಗಲು ದನಿ ಇಲ್ಲದೆ ಕೆಮ್ಮಿದೆ. ಆ ಹೆಂಗಸು ತಲೆ ತಗ್ಗಿಸಲಿಲ್ಲ.

"ಅಮ್ಮ, ಇಲ್ಲಿ ಮೂವತ್ತು ಜನ ಅವ್ರೆ. ಸಾಯಂಕಾಲ ಆದ್ರೆ ನಾನು, ಇನ್ನೊಬ್ಳು ಆಯಾ. ನಿಮ್ಮಜ್ಜಿ ದಿನಾ ತೋಟದ ಎಲೆ ಕಿತ್ಕೊಂಡ್ಬಂದು ಮಲ್ಗಿರೋರ ಮುಖದ ಮೇಲೆ ಹಾಕ್ತಾರೆ. ಎರಡು ಸಲ ಬಿದ್ರು. ಸೊಂಟ ಮುರ್ದಿದ್ರೆ ನೀವೇ ಬಂದು ಕೇಳ್ತಿದ್ರಿ. ಮನೆ ತುಂಬ ಜನ ಇದ್ಕೊಂಡು ನಿಮ್ಗೆ ಒಬ್ರನ್ನ ನೋಡ್ಕೊಳಕ್ ಆಗ್ಲಿಲ್ಲ, ಮೂವತ್ತು ಜನನ್ನ ನಾನು ಹೆಂಗ್ ನೋಡ್ಕೊಳ್ಳಲಿ? ಹೇಳಿ."

ಆ ಹೆಂಗಸನ್ನು ನಾನು ಇವತ್ತಿಗೂ ಕ್ಷಮಿಸಿಲ್ಲ. ಅವರ ಪ್ರಶ್ನೆಯನ್ನು ಮರೆತೂ ಇಲ್ಲ.

ಹೊರಡುವಾಗ ಬಾಗಿಲ ಹತ್ತಿರದ ಮಂಚದಿಂದ ತೆಲುಗಿನ ಅಜ್ಜಿ ತಲೆ ಎತ್ತಿದರು. "ಚೆಪ್ಪಿನಾನು ಕದಮ್ಮಾ" ಅಂದರು. ಹೇಳಿದ್ದೆನಲ್ಲಮ್ಮ. ಅವರ ಒಂದು ಕೈ ಹೊದಿಕೆಯ ಕೆಳಗಿತ್ತು. ಹೊದಿಕೆ ಎತ್ತಿ ನೋಡಲಿಲ್ಲ ನಾನು. ನೋಡಿದ್ದರೆ ಬಿಚ್ಚಬೇಕಾಗುತ್ತಿತ್ತು, ಬಿಚ್ಚಿದ್ದರೆ ಕರೆದುಕೊಂಡು ಬರಬೇಕಾಗುತ್ತಿತ್ತು. ಕಾರಿನಲ್ಲಿ ಅತ್ತೆಯನ್ನು ತೊಡೆಯ ಮೇಲೆ ಮಲಗಿಸಿಕೊಂಡು, ಮಂಚೇನಹಳ್ಳಿ ದಾಟುವವರೆಗೂ ಆ ಅಜ್ಜಿಯ ಮುಖ ಬಿಟ್ಟು ಬೇರೇನೂ ನನಗೆ ಕಾಣಲಿಲ್ಲ.

ನಮ್ಮನೆಯವರು ಸರ್ಕಾರದ ಕಚೇರಿಗೆ ದೂರು ಬರೆದುಕೊಟ್ಟರು. ಯಾರೋ ಹೋಗಿ ನೋಡಿ ಬಂದರಂತೆ, ಎಲ್ಲ ಸರಿಯಾಗಿದೆ ಎಂದರಂತೆ. ಫೋನು ಮಾಡಿಕೊಂಡು ಹೋಗಿರಬೇಕು. ಉಪ್ಪಿಟ್ಟು ತಿಂದಿರಬೇಕು.

ಅತ್ತೆ ಮನೆಗೆ ಬಂದ ಮೇಲೆ ಏನು ಮಾಡಿದೆವು ಅಂತ ಕೇಳಿದರೆ ನಾಚಿಕೆಯಾಗುತ್ತದೆ. ಬೀದಿಬಾಗಿಲಿಗೆ ಎತ್ತರದಲ್ಲಿ ಒಂದು ಚಿಲಕ ಹಾಕಿಸಿದೆವು. ಪಕ್ಕದ ಮನೆ ಗಂಗಮ್ಮ ಸಂಜೆ ಬಂದು ಕೂರುತ್ತೇನೆ ಅಂದರು, "ನಂಗೂ ಟೈಮ್ ಹೋಗ್ಬೇಕಲ್ಲ ಪದ್ಮಮ್ಮ" ಅಂತ. ಸರೋಜ ಒಂದು ಬೆಳೆ ಇಳಿಸಿ ಇನ್ನೊಂದು ಹಿಡಿಯುವ ನಡುವೆ ವಾರವಿಡೀ ಬಂದು ಇರುತ್ತಾಳೆ. ಮುನಿರಾಜು ಹಾಲಿನ ವ್ಯಾನಿನಲ್ಲಿ ಒಂದು ಕಟ್ಟು ಹಿಪ್ಪುನೇರಳೆ ಸೊಪ್ಪು ಕಳಿಸುತ್ತಾನೆ, ಅತ್ತೆ ಅದನ್ನು ಹರಡುತ್ತಾಳೆ, ಬೆಳಗ್ಗೆ ನಾವು ಗುಡಿಸುತ್ತೇವೆ. ಇಷ್ಟೇ ಬೇಕಾಗಿದ್ದದ್ದು. ಸಂಕ್ರಾಂತಿಗೆ ಮುಂಚೆಯೂ ಇಷ್ಟು ಮಾಡಬಹುದಿತ್ತು. ಯಾರೂ ಯಾರನ್ನೂ ಕೇಳಲಿಲ್ಲ, ಅಷ್ಟೆ.

ಅವಳಿಂದ ನನಗಾದ ಉಪಕಾರವೂ ಒಂದಿದೆ. ಐದನೇ ಕೀಮೋ ಆಗಿ ನಾಲ್ಕು ದಿನ ಏನೂ ತಿನ್ನದೆ ಗೋಡೆಗೊರಗಿ ಕೂತಿದ್ದೆ. ಕೂದಲಿಲ್ಲ, ಹುಬ್ಬಿಲ್ಲ, ಕೈಯ ಚರ್ಮ ಸುಲಿಯುತ್ತಿತ್ತು. ನಮ್ಮನೆಯವರು ಗಂಜಿ ಹಿಡಿದು ಬೇಡುತ್ತಿದ್ದರು. ಅತ್ತೆ ಬಂದು ನನ್ನನ್ನು ಬಗ್ಗಿ ನೋಡಿದಳು.

"ಹಾಕ್ಬ್ಯಾಡಪ್ಪ" ಅಂದಳು ಅವರಿಗೆ. "ಜ್ವರಕ್ಕೆ ಕೂತೈತೆ. ತಲೆ ಎತ್ಕೊಂಡು ಕೂತೈತೆ ನೋಡು. ಈಗ ಮುಟ್ಬಾರ್ದು. ಪೊರೆ ಬಿಡ್ಲಿ, ತಾನೇ ತಿಂತದೆ."

ನಾನು ಯಾರೆಂದು ಅವಳಿಗೆ ಗೊತ್ತಿರಲಿಲ್ಲ. ಆದರೂ, ಬದುಕುತ್ತೀಯ ಎಂದು ಅಷ್ಟು ಖಚಿತವಾಗಿ ನನಗೆ ಹೇಳಿದವಳು ಅವಳೊಬ್ಬಳೇ. ಐದನೇ ದಿನ ಗಂಜಿ ಕುಡಿದೆ.

ಆಪರೇಷನ್ನು ಆಯಿತು, ಕರೆಂಟು ಕೊಟ್ಟದ್ದೂ ಆಯಿತು. ಆರು ತಿಂಗಳಿಗೊಮ್ಮೆ ಹೋಗಿ ತೋರಿಸಿ ಬರುತ್ತೇನೆ. ನಸೀಮಾ ಜೊತೆಗಿರುತ್ತಾಳೆ, ಚಿಗಳಿಯೂ ಇರುತ್ತದೆ. ಕೂದಲು ಬಂದಿದೆ, ಮೊದಲಿಗಿಂತ ಗುಂಗುರು. ಮತ್ತೆ ಮಿಷನ್ ಹತ್ತಿ ಕೂತಿದ್ದೇನೆ. ಎರಡು ಹೊಲಿಗೆ ಹಾಕುವ ಕಡೆ ಮಾತ್ರ ಕೈ ಸ್ವಲ್ಪ ನಿಲ್ಲುತ್ತದೆ.

ಅತ್ತೆಯ ಮಣಿಕಟ್ಟು ವಾಸಿಯಾಗಿದೆ. ನನ್ನ ಹೆಸರು, ತನ್ನ ಹೆಸರು, ಊರು, ಸತ್ತುಹೋದ ತಮ್ಮ, ಅಂದರೆ ನಮ್ಮಪ್ಪ, ಎಲ್ಲ ಹೋಗಿದೆ. ಆದರೆ ಮನೆಗೆ ಬಂದ ಮೊದಲ ವಾರದಿಂದ ಒಂದು ಅಭ್ಯಾಸ. ಸಂಜೆ ದೀಪ ಹಚ್ಚಿ ಹಾಸಿಗೆ ಹಾಸಿ ಕೂರಿಸಿದ ಕೂಡಲೇ ಎರಡೂ ಕೈ ಸೇರಿಸಿ ನನ್ನ ಮುಂದೆ ಚಾಚುತ್ತಾಳೆ. ದೀಪಕ್ಕೆ ಕೈ ಮುಗಿಯುತ್ತಿದ್ದಾಳೆ ಅಂದುಕೊಂಡಿದ್ದೆ. ಮೂರನೇ ದಿನ ಅವಳೇ ಹೇಳಿದಳು, ನನ್ನ ಮುಖ ನೋಡಿ, ಕರುಣೆಯಿಂದ:

"ಬೇಗ ಕಟ್ಬುಡಮ್ಮ. ನಿಂಗೂ ಹೊತ್ತಾಯ್ತದೆ."

ದಿನಾ ಆ ಕೈಗಳಿಗೆ ನಾನು ಸೊಪ್ಪು ಇಡುತ್ತೇನೆ. ಕೆಲವು ದಿನ ಎದ್ದು ಹರಡುತ್ತಾಳೆ. ಕೆಲವು ದಿನ ಸೊಪ್ಪು ಮಡಿಲಿಗೆ ಬಿಟ್ಟು, ಮತ್ತೆ ಕೈ ಚಾಚುತ್ತಾಳೆ.